ಜೈನಧರ್ಮದ ಹೃದಯ ಬರಿದೇ? – ಒಂದು ಮಿಷನರಿ ಗ್ರಂಥದ ಪರಾಮರ್ಶೆ

ಅನ್ಯಮತೀಯರು ನಮ್ಮ ಧರ್ಮವನ್ನು ಕುರಿತು ಬರೆದ ಗ್ರಂಥಗಳನ್ನು ನಾವು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಓದುತ್ತೇವೆ. ಹೊಗಳಿಕೆಯ ಮಾತಿದ್ದರೆ ಅದನ್ನು ಉತ್ಸವದ ಸ್ಮರಣ ಸಂಚಿಕೆಗಳಲ್ಲಿ ಉದ್ಧರಿಸುತ್ತೇವೆ. ತೆಗಳಿಕೆಯಿದ್ದರೆ ಗ್ರಂಥಕರ್ತರ ಅಜ್ಞಾನವೆಂದು ಬದಿಗಿಡುತ್ತೇವೆ. ಇವೆರಡೂ ಸಮ್ಯಕ್ ಪರೀಕ್ಷೆಯ ಮಾರ್ಗಗಳಲ್ಲ. ಪ್ರೀತಿ, ಶ್ರಮ, ಖಂಡನೆ ಮೂರೂ ಒಂದೇ ಕೃತಿಯಲ್ಲಿ ಸೇರಿರುವಾಗಲಂತೂ ಈ ಬಗೆಯ ಓದು ಏನೇನೂ ಸಾಲದು. ಅಂತಹ ಕೃತಿಯೊಂದು ಶ್ರೀಮತಿ ಸಿಂಕ್ಲೇರ್ ಸ್ಟೀವನ್ಸನ್ ಅವರ ‘ದಿ ಹಾರ್ಟ್ ಆಫ್ ಜೈನಿಸಂ’. 1915ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯದಿಂದ ಪ್ರಕಟವಾದ ಈ ಗ್ರಂಥ ಮುಂದೆ ಭಾರತದಲ್ಲಿಯೂ ಪುನರ್ಮುದ್ರಣಗೊಂಡಿದೆ. ನಮ್ಮ ಮಕ್ಕಳು ಪರದೇಶದ ಗ್ರಂಥಾಲಯಗಳಲ್ಲಿ ಜೈನಧರ್ಮವೆಂದು ಹುಡುಕಿದಾಗ ಇಂದಿಗೂ ಎದುರಾಗುವ ಪುಸ್ತಕಗಳಲ್ಲಿ ಇದೂ ಒಂದು.

ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಷನ್ ಕಾಠಿಯಾವಾಡಕ್ಕೆ ಬಂದದ್ದು 1841ರಲ್ಲಿ. ಲೇಖಕಿ ಆ ಮಿಷನ್ನಿನ ಪಾದ್ರಿಯೊಬ್ಬರ ಪತ್ನಿ. ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿದ ವಿದುಷಿ. 1910ರಲ್ಲಿಯೇ ಆಧುನಿಕ ಜೈನರನ್ನು ಕುರಿತು ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ್ದರು. ಅದುವರೆಗೆ ಯೂರೋಪಿನ ಪಂಡಿತರು ಜೈನಧರ್ಮವನ್ನು ಹೆಚ್ಚಾಗಿ ಹಸ್ತಪ್ರತಿಗಳ ಮೂಲಕವೇ ಬಲ್ಲವರು. ಹರ್ಮನ್ ಯಾಕೋಬಿಯವರು 1884 ಮತ್ತು 1895ರಲ್ಲಿ ಪ್ರಕಟಿಸಿದ ಆಗಮಗಳ ಅನುವಾದಗಳು ಆ ಕಾಲದ ಮಹತ್ಸಾಧನೆ. ಆದರೆ ಅವುಗಳಲ್ಲಿ ಶ್ರಾವಕರ ಮನೆಯಿಲ್ಲ, ಅಡುಗೆಮನೆಯ ಆಚಾರವಿಲ್ಲ, ಉಪವಾಸ ಮಾಡುವ ತಾಯಿಯಿಲ್ಲ. ಸ್ಟೀವನ್ಸನ್ ಅವರು ಈ ಕೊರತೆಯನ್ನು ತುಂಬಿದರು. ಮನೆಗಳಿಗೆ ಹೋದರು, ಸಾಧ್ವಿಯರೊಡನೆ ಮಾತನಾಡಿದರು, ಪಂಡಿತರನ್ನು ಕೇಳಿ ತಿಳಿದರು. ನವತತ್ತ್ವಗಳು, ಅಷ್ಟಕರ್ಮಗಳು, ಹದಿನಾಲ್ಕು ಗುಣಸ್ಥಾನಗಳು, ಶ್ರಾವಕರ ವ್ರತಗಳು ಇವೆಲ್ಲವನ್ನೂ ತಾಳ್ಮೆಯಿಂದ ನಿರೂಪಿಸಿದರು. ಅವರ ಪ್ರತ್ಯಕ್ಷಾನುಭವವೆಲ್ಲ ಕಾಠಿಯಾವಾಡದ ಶ್ವೇತಾಂಬರ, ಸ್ಥಾನಕವಾಸಿ ಸಮಾಜಗಳದು. ದಕ್ಷಿಣದ ದಿಗಂಬರ ಪರಂಪರೆಯ ಪರಿಚಯ ಅವರಿಗೆ ದೂರದಿಂದ ಮಾತ್ರ. ಈ ಮಿತಿಯನ್ನು ನೆನಪಿನಲ್ಲಿಟ್ಟುಕೊಂಡರೂ ಪರಿಶ್ರಮಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ಗ್ರಂಥದ ಕೊನೆಯ ಅಧ್ಯಾಯಕ್ಕೆ ಬಂದಾಗ ಓದುಗನು ಬೆಚ್ಚುತ್ತಾನೆ. ಅದರ ಶೀರ್ಷಿಕೆಯ ಅರ್ಥವೇ ‘ಜೈನಧರ್ಮದ ಬರಿದಾದ ಹೃದಯ’. ಅಲ್ಲಿಯವರೆಗೆ ಸಹಾನುಭೂತಿಯಿಂದ ಬರೆದ ಲೇಖನಿ ಅಲ್ಲಿ ತೀರ್ಪು ಕೊಡುತ್ತದೆ. ತೀರ್ಪಿನ ಸಾರ ಎರಡು ಆಕ್ಷೇಪಗಳಲ್ಲಿದೆ. ಒಂದು: ಜೈನರಿಗೆ ಕ್ಷಮಿಸುವ ದೇವರಿಲ್ಲ, ಪಶ್ಚಾತ್ತಾಪಪಟ್ಟ ಜೀವಕ್ಕೆ ಆಸರೆಯಿಲ್ಲ. ಎರಡು: ದುಃಖವೆಲ್ಲ ಪೂರ್ವಕರ್ಮದ ಫಲವೆಂದು ನಂಬುವವನಲ್ಲಿ ದುಃಖಿಯ ಬಗೆಗೆ ಮರುಕ ಬತ್ತಿಹೋಗುತ್ತದೆ, ಬಾಲವಿಧವೆಯ ಸ್ಥಿತಿಯೇ ಇದಕ್ಕೆ ಸಾಕ್ಷಿ.

ಮೊದಲನೆಯ ಆಕ್ಷೇಪವನ್ನು ಪರಿಶೀಲಿಸೋಣ. ಸೃಷ್ಟಿಕರ್ತನೂ ಕ್ಷಮಾದಾತನೂ ಆದ ಈಶ್ವರನನ್ನು ಜೈನದರ್ಶನ ಒಪ್ಪುವುದಿಲ್ಲವೆಂಬುದು ಸತ್ಯ. ಇದನ್ನು ಮುಚ್ಚಿಟ್ಟು, ನಮಗೂ ಹಾಗೆಯೇ ಒಬ್ಬ ದೇವರಿದ್ದಾನೆಂದು ಉತ್ತರಿಸುವುದು ಸಿದ್ಧಾಂತಕ್ಕೆ ಮಾಡುವ ಅಪಚಾರ. ಆದರೆ ಕ್ಷಮಿಸುವ ದೇವರಿಲ್ಲದಲ್ಲಿ ಕ್ಷಮೆಯೇ ಇಲ್ಲವೆಂಬ ಅನುಮಾನ ಸಾಧುವಲ್ಲ. ಒಬ್ಬನು ತನ್ನ ನೆರೆಯವನಿಗೆ ಅನ್ಯಾಯ ಮಾಡಿದನೆನ್ನೋಣ. ಅವನು ಕ್ಷಮೆ ಯಾರಲ್ಲಿ ಬೇಡಬೇಕು? ಮೂರನೆಯವನಲ್ಲಿಯೋ, ನೊಂದ ನೆರೆಯವನಲ್ಲಿಯೋ? ಜೈನರು ಎರಡನೆಯದನ್ನು ಆರಿಸಿಕೊಂಡರು. ಪರ್ಯುಷಣದ ಕೊನೆಯಲ್ಲಿ, ದಶಲಕ್ಷಣ ಪರ್ವದ ಅನಂತರದ ಕ್ಷಮಾವಾಣಿಯ ದಿನದಲ್ಲಿ ನಾವು ಕೈಮುಗಿಯುವುದು ಸಹಜೀವಿಗಳೆದುರು. ಈ ಪದ್ಧತಿಯನ್ನು ಲೇಖಕಿಯೂ ಮೆಚ್ಚುಗೆಯಿಂದಲೇ ವರ್ಣಿಸಿದ್ದಾರೆ. ತೀರ್ಪು ಬರೆಯುವಾಗ ಮಾತ್ರ ಅದರ ತಾತ್ತ್ವಿಕ ಮಹತ್ತ್ವವನ್ನು ಗಣನೆಗೆ ತೆಗೆದುಕೊಂಡಿಲ್ಲ.

ಕರ್ಮಸಿದ್ಧಾಂತವು ಬಗ್ಗದ ಕಬ್ಬಿಣದ ಸರಳೆಂಬ ಭಾವನೆಯೂ ಅರೆಸತ್ಯ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಅವಸ್ಥೆಗಳನ್ನು ವಿವರಿಸಿದ್ದಾರೆ. ಕಟ್ಟಿದ ಕರ್ಮದ ಕಾಲ ಮತ್ತು ತೀವ್ರತೆ ಹೆಚ್ಚುವುದು ಉತ್ಕರ್ಷಣ, ತಗ್ಗುವುದು ಅಪಕರ್ಷಣ, ಒಂದು ಪ್ರಕೃತಿ ಸಜಾತೀಯವಾದ ಇನ್ನೊಂದಾಗಿ ಮಾರ್ಪಡುವುದು ಸಂಕ್ರಮಣ, ಕಾಲಕ್ಕೆ ಮುನ್ನವೇ ಉದಯಕ್ಕೆ ತರುವುದು ಉದೀರಣೆ, ಅಡಗಿಸುವುದು ಉಪಶಮ. ನಿಕಾಚಿತದಂತಹ ಗಟ್ಟಿ ಬಂಧವೂ ಉಂಟು. ಆದರೂ ಪರಿಣಾಮಶುದ್ಧಿಯಿಂದ ಕರ್ಮದ ಗತಿ ಬದಲಾಗುತ್ತದೆಂಬುದೇ ಈ ವಿವೇಚನೆಯ ತಿರುಳು. ತತ್ತ್ವಾರ್ಥಸೂತ್ರವು ಆರು ಆಭ್ಯಂತರ ತಪಸ್ಸುಗಳಲ್ಲಿ ಮೊದಲ ಸ್ಥಾನವನ್ನು ಪ್ರಾಯಶ್ಚಿತ್ತಕ್ಕೆ ಕೊಟ್ಟಿದೆ; ಅದರ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಗುರುವಿನೆದುರು ದೋಷವನ್ನು ಮುಚ್ಚಿಡದೆ ಹೇಳಿಕೊಳ್ಳುವುದು. ಪಶ್ಚಾತ್ತಾಪಕ್ಕೆ ಇಷ್ಟು ವ್ಯವಸ್ಥಿತವಾದ ಸ್ಥಾನ ಕೊಟ್ಟ ಧರ್ಮದಲ್ಲಿ ಪಶ್ಚಾತ್ತಾಪಿಗೆ ನೆಲೆಯಿಲ್ಲವೆನ್ನುವುದು ಹೇಗೆ?

ಈ ಚರ್ಚೆಗೆ ಗಾಂಧೀಜಿಯವರ ಬಾಳಿನ ಒಂದು ಪ್ರಸಂಗ ಬೆಳಕು ಬೀರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಕ್ರೈಸ್ತ ಮಿತ್ರರು ಅವರನ್ನು ತಮ್ಮ ಮತಕ್ಕೆ ಸೆಳೆಯಲು ಯತ್ನಿಸಿದರು. ಯೇಸುವು ಪಾಪವನ್ನು ಹೊತ್ತಿರುವುದರಿಂದ ನಮಗೆ ಅದರ ಭಾರವಿಲ್ಲವೆಂದು ಒಬ್ಬರು ವಾದಿಸಿದಾಗ, ತಾವು ಬಯಸುವುದು ಪಾಪದ ಫಲದಿಂದ ಬಿಡುಗಡೆಯನ್ನಲ್ಲ, ಪಾಪದಿಂದಲೇ ಬಿಡುಗಡೆಯನ್ನು ಎಂಬ ಆಶಯದ ಉತ್ತರವನ್ನು ಗಾಂಧೀಜಿ ಕೊಟ್ಟರು. ಸಂಶಯಗಳು ಬಾಧಿಸಿದಾಗ 1894ರಲ್ಲಿ ಅವರು ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದು ಜೈನ ಸಾಧಕರಾದ ಶ್ರೀಮದ್ ರಾಜಚಂದ್ರರಿಗೆ. ಅವುಗಳಲ್ಲಿ ಯೇಸುವನ್ನೂ ಬೈಬಲನ್ನೂ ಕುರಿತ ಪ್ರಶ್ನೆಗಳಿದ್ದವು. ರಾಜಚಂದ್ರರು ಒಪ್ಪಲಾಗದ್ದನ್ನು ಒಪ್ಪಲಿಲ್ಲ. ಆದರೆ ನಿಂದೆಗೂ ಇಳಿಯಲಿಲ್ಲ, ಕಾರಣ ಕೊಟ್ಟು ಉತ್ತರಿಸಿದರು. ತಮ್ಮನ್ನು ಆಳವಾಗಿ ಪ್ರಭಾವಿಸಿದವರೆಂದು ಗಾಂಧೀಜಿ ಹೆಸರಿಸಿದ ಮೂವರಲ್ಲಿ ಒಬ್ಬರು ಈ ರಾಜಚಂದ್ರರು. ಉಳಿದಿಬ್ಬರು ಟಾಲ್‌ಸ್ಟಾಯ್ ಮತ್ತು ರಸ್ಕಿನ್. ಜೈನನ ಉತ್ತರವೂ ಕ್ರೈಸ್ತನ ಗ್ರಂಥವೂ ಒಂದೇ ಮನಸ್ಸಿನಲ್ಲಿ ಸೇರಿ ಅಹಿಂಸೆಯನ್ನು ಪುಷ್ಟಿಗೊಳಿಸಿದವು.

ಎರಡನೆಯ ಆಕ್ಷೇಪ ಇಷ್ಟು ಸುಲಭವಾಗಿ ತೀರುವಂಥದ್ದಲ್ಲ. ಶಾಸ್ತ್ರದ ಮಟ್ಟದಲ್ಲಿ ಉತ್ತರ ಸ್ಪಷ್ಟವಾಗಿದೆ. ಪ್ರಾಣಿಗಳಲ್ಲಿ ಅನುಕಂಪ, ದಾನ, ಕ್ಷಮೆಗಳು ಸಾತಾವೇದನೀಯಕ್ಕೆ ಕಾರಣ. ಪರರಿಗೆ ದುಃಖವನ್ನುಂಟುಮಾಡುವುದು ಅಸಾತಕ್ಕೆ ಕಾರಣ. ಜೀವಗಳು ಪರಸ್ಪರ ಉಪಕಾರಕಗಳೆಂಬುದು ಉಮಾಸ್ವಾಮಿಗಳ ಉಪದೇಶ. ರೋಗಿಯ ಸೇವೆಯನ್ನು ವೈಯಾವೃತ್ತ್ಯವೆಂದು ತಪಸ್ಸಿನ ಸಾಲಿಗೆ ಸೇರಿಸಿದ ಧರ್ಮ ನಮ್ಮದು. ಧರ್ಮಸ್ಥಳದಲ್ಲಿ ಇಂದಿಗೂ ನಡೆದುಬಂದಿರುವ ಆಹಾರ, ಔಷಧ, ವಿದ್ಯೆ, ಅಭಯವೆಂಬ ಚತುರ್ವಿಧ ದಾನಗಳು ಈ ತತ್ತ್ವದ ಆಚರಣೆಯೇ ಆಗಿವೆ.

ಆದರೆ ಲೇಖಕಿ ಕಂಡದ್ದು ಶಾಸ್ತ್ರವನ್ನಷ್ಟೇ ಅಲ್ಲ, ಸಮಾಜವನ್ನು. ಎಳೆಯ ವಿಧವೆಯೆದುರು ‘ಎಲ್ಲ ಅವಳ ಪೂರ್ವಕರ್ಮ’ ಎಂದು ನಿಟ್ಟುಸಿರು ಬಿಟ್ಟು ಒಳಗೆ ನಡೆದವರು ನಮ್ಮ ಮನೆಗಳಲ್ಲಿ ಇರಲಿಲ್ಲವೇ? ಅಂಗವಿಕಲ ಮಗುವನ್ನು ಕಂಡು ಅದೇ ಮಾತನ್ನಾಡುವವರು ಇಂದಿಗೂ ಇಲ್ಲವೇ? ತನ್ನ ಕರ್ಮವನ್ನು ನೆನೆದು ತಾನು ಧೈರ್ಯ ತಾಳುವುದು ಧರ್ಮ. ಪರರ ಕರ್ಮವನ್ನು ನೆನೆದು ತನ್ನ ಕರ್ತವ್ಯದಿಂದ ಜಾರಿಕೊಳ್ಳುವುದು ಪ್ರಮಾದ. ಈ ಆಕ್ಷೇಪ ಸಿದ್ಧಾಂತಕ್ಕೆ ತಗಲುವುದಿಲ್ಲ, ನಮಗೆ ತಗಲುತ್ತದೆ. ಇದಕ್ಕೆ ಯೋಗ್ಯವಾದ ಉತ್ತರ ಕೊಟ್ಟವರಲ್ಲಿ ಬ್ರಹ್ಮಚಾರಿಣಿ ಚಂದಾಬಾಯಿಯವರು ಅಗ್ರಗಣ್ಯರು. ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡ ಅವರು ಬಿಹಾರದ ಆರಾ ನಗರದಲ್ಲಿ 1921ರಲ್ಲಿ ಜೈನ ಬಾಲಾವಿಶ್ರಾಮವನ್ನು ಸ್ಥಾಪಿಸಿ ಸ್ತ್ರೀಯರ ವಿದ್ಯಾಭ್ಯಾಸಕ್ಕೆ ಬಾಳನ್ನೇ ಮುಡಿಪಾಗಿಟ್ಟರು. ಖಂಡನಗ್ರಂಥಕ್ಕೆ ಮರುಖಂಡನೆಗಿಂತ ಇಂತಹ ಉತ್ತರ ಮಿಗಿಲಾದದ್ದು.

ಇನ್ನು ಲೇಖಕಿಯ ವಿಚಾರಕ್ರಮದ ಮುಖ್ಯ ದೋಷ. ಅವರು ತಮ್ಮ ಧರ್ಮದ ಆದರ್ಶವನ್ನು ನಮ್ಮ ಧರ್ಮದ ಆಚರಣೆಯೊಡನೆ ತೂಗಿದರು. ಗ್ರಂಥ ಪ್ರಕಟವಾದ 1915ರಲ್ಲಿಯೇ ಯೂರೋಪಿನ ಕ್ರೈಸ್ತ ರಾಷ್ಟ್ರಗಳು ಮಹಾಯುದ್ಧದಲ್ಲಿ ಒಬ್ಬರನ್ನೊಬ್ಬರು ಸಂಹರಿಸುತ್ತಿದ್ದವು. ಜೈನನೊಬ್ಬನು ಅದನ್ನು ನೋಡಿ ಕ್ರೈಸ್ತಧರ್ಮದ ಹೃದಯವೇ ಬರಿದೆಂದು ಬರೆದಿದ್ದರೆ ಅದೂ ಇಷ್ಟೇ ಅನ್ಯಾಯವಾಗುತ್ತಿತ್ತು. ಆದರ್ಶವನ್ನು ಆದರ್ಶದೊಡನೆ, ಆಚರಣೆಯನ್ನು ಆಚರಣೆಯೊಡನೆ ತೂಗುವುದೇ ನ್ಯಾಯ. ತನ್ನ ದೃಷ್ಟಿ ಒಂದು ನಯವೆಂದು ತಿಳಿದವನು ಸತ್ಯಕ್ಕೆ ಹತ್ತಿರವಿರುತ್ತಾನೆ. ಅದೊಂದೇ ಸತ್ಯವೆಂದು ಹಿಡಿದಾಗ ನಯವು ದುರ್ನಯವಾಗುತ್ತದೆ.

ಈ ಅಳತೆಗೋಲು ನಮಗೂ ಅನ್ವಯಿಸಬೇಕು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಪರಮತಗಳನ್ನು ಹಾಸ್ಯಮಾಡಿ ಖಂಡಿಸಿದಾಗ ಅಲ್ಲಿಯೂ ತೂಕ ಸಮವಾಗಿರಲಿಲ್ಲ. ಮತಪ್ರಚಾರಕ್ಕೆ ಬಂದವರೆಲ್ಲರ ಕೆಲಸವೂ ಒಂದೇ ಬಗೆಯದಲ್ಲವೆಂಬುದನ್ನೂ ಕನ್ನಡ ಜೈನರು ಮರೆಯಬಾರದು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿಗೆ ಸೇರಿದ ಫರ್ಡಿನೆಂಡ್ ಕಿಟ್ಟೆಲ್ಲರು ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು, 1894ರಲ್ಲಿ ತಮ್ಮ ಮಹಾನಿಘಂಟನ್ನು ಕೊಟ್ಟರು. ಆ ಶ್ರಮದ ಫಲವನ್ನು ನಾವು ಉಣ್ಣುತ್ತಿದ್ದೇವೆ.

ನಮ್ಮ ಶಾಲೆಗಳಲ್ಲಿ, ಪರದೇಶದ ಊರುಗಳಲ್ಲಿ ಜೈನ ಬಾಲಕನಿಗೆ ಇಂದಿಗೂ ಎದುರಾಗುವ ಪ್ರಶ್ನೆ ಅದೇ: ‘ನಿಮ್ಮ ದೇವರು ಕ್ಷಮಿಸುತ್ತಾನೆಯೇ?’ ಅವನು ಮೌನವಾದರೆ ತಪ್ಪು ಅವನದಲ್ಲ. ಅಭಿಷೇಕ, ಮೆರವಣಿಗೆಗಳಿಗೆ ದ್ರವ್ಯವನ್ನು ಒದಗಿಸುವ ಬಸದಿಗಳ ವಿಶ್ವಸ್ತ ಮಂಡಳಿಗಳು ಕರ್ಮ, ಕ್ಷಮೆ, ಪ್ರಾಯಶ್ಚಿತ್ತಗಳನ್ನು ತಿಳಿಗನ್ನಡದಲ್ಲಿ ಬೋಧಿಸುವ ಪುಸ್ತಿಕೆಗಳಿಗೂ ಪಾಠಶಾಲೆಗಳಿಗೂ ಅದರಲ್ಲೊಂದು ಪಾಲನ್ನು ಮೀಸಲಿಡಲಿ. ಆ ಪುಸ್ತಿಕೆಗಳಲ್ಲಿ ಅನ್ಯಧರ್ಮಗಳ ಪ್ರಸ್ತಾಪ ಬಂದಲ್ಲಿ, ಆ ಧರ್ಮದವನು ಓದಿದರೂ ‘ಇದು ನಮ್ಮದೇ’ ಎಂದು ಒಪ್ಪುವಷ್ಟು ಪ್ರಾಮಾಣಿಕತೆ ಇರಲಿ. ಶ್ರೀಮತಿ ಸ್ಟೀವನ್ಸನ್ ಅವರ ಗ್ರಂಥದ ಹೆಚ್ಚಿನ ಅಧ್ಯಾಯಗಳಿಂದ ನಾವು ಅವರ ತಾಳ್ಮೆಯನ್ನು ಕಲಿಯಬೇಕು, ಕೊನೆಯ ಅಧ್ಯಾಯದಿಂದ ಏನನ್ನು ಬರೆಯಬಾರದೆಂಬುದನ್ನು. ಹೃದಯ ಬರಿದೋ ತುಂಬಿದೆಯೋ ಎಂಬುದನ್ನು ನಮ್ಮ ಬಾಗಿಲಿಗೆ ಬಂದ ದುಃಖಿಯೇ ಹೇಳಬೇಕು.