ನೋವು ಮರೆತ ಎಕ್ಸ್-ಮೆನ್

1944ರ ಪೋಲೆಂಡ್, ನಾಜಿಗಳ ಸಾವಿನ ಶಿಬಿರ. ಸುರಿವ ಮಳೆ, ಕಾಲ ಕೆಳಗೆ ಕೆಸರು. ಅಪ್ಪ ಅಮ್ಮನಿಂದ ಬೇರ್ಪಟ್ಟ ಯಹೂದಿ ಹುಡುಗನೊಬ್ಬ ಕೈ ಚಾಚಿ ಚೀರುತ್ತಾನೆ. ಮುಚ್ಚಿದ ಕಬ್ಬಿಣದ ಗೇಟು ಅವನತ್ತ ಬಾಗುತ್ತದೆ, ಆದರೆ ತೆರೆಯುವುದಿಲ್ಲ. ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದು ಅವನನ್ನು ಕೆಡವುತ್ತಾನೆ. 2000ದಲ್ಲಿ ಬ್ರಯಾನ್ ಸಿಂಗರ್ ನಿರ್ದೇಶಿಸಿದ ‘ಎಕ್ಸ್-ಮೆನ್’ ತೆರೆದುಕೊಂಡದ್ದು ಹೀಗೆ. ಆ ಹುಡುಗನೇ ಮುಂದೆ ಲೋಹವನ್ನು ಆಳುವ ಮ್ಯಾಗ್ನೆಟೊ ಆಗುವ ಎರಿಕ್. ಅವನ ಶಕ್ತಿ ಮೊದಲ ಸಲ ಕಾಣಿಸಿಕೊಂಡಾಗಲೇ ಸೋತಿತು. ಇಡೀ ಸರಣಿಯ ಜೀವ ಆ ಸೋಲಿನಲ್ಲಿತ್ತು ಎಂದು ನಾನು ನಂಬಿದ್ದೇನೆ.

ಈ ಸರಣಿ ವಿಶೇಷ ಶಕ್ತಿಯೊಂದಿಗೆ ಹುಟ್ಟಿದ ಮ್ಯೂಟೆಂಟ್‌ಗಳ ಕಥೆ. ಮೊದಲ ಎರಡು ಚಿತ್ರಗಳಲ್ಲಿ ಪ್ರತಿ ಶಕ್ತಿಗೂ ತೆರಬೇಕಾದ ಬೆಲೆಯೊಂದಿತ್ತು. ಮುಟ್ಟಿದವರ ಜೀವಶಕ್ತಿ ಹೀರುವ ರೋಗ್ ಎಂಬ ಹುಡುಗಿ ಪ್ರೀತಿಸಿದವನನ್ನು ಮುಟ್ಟುವಂತಿಲ್ಲ. ಕೈಯಿಂದ ಲೋಹದ ಉಗುರುಗಳು ಹೊರಬರುವಾಗ ನೋಯುತ್ತದೆಯೇ ಎಂದು ಅವಳು ಕೇಳಿದರೆ, ಪ್ರತಿ ಸಲವೂ ನೋಯುತ್ತದೆ ಎನ್ನುತ್ತಾನೆ ವೊಲ್ವರಿನ್. ‘ಎಕ್ಸ್2’ರಲ್ಲಿ (2003) ಬಾಬಿ ಎಂಬ ಹುಡುಗ ತಾನು ಮ್ಯೂಟೆಂಟ್ ಎಂಬುದನ್ನು ಮನೆಯ ಹಜಾರದಲ್ಲಿ ಹೇಳಿಕೊಳ್ಳುವ ದೃಶ್ಯ ನೋಡಿ. ಅಮ್ಮನ ಕಪ್ಪನ್ನು ಮುಟ್ಟಿ ಅದರಲ್ಲಿದ್ದದ್ದನ್ನು ಮಂಜುಗಡ್ಡೆ ಮಾಡುತ್ತಾನೆ. ಹಾಗಿರದಂತೆ ಪ್ರಯತ್ನಿಸಬಾರದೇ ಎಂದು ಹೆತ್ತಮ್ಮನೇ ಕೇಳುತ್ತಾಳೆ. ತಮ್ಮ ಮಹಡಿ ಹತ್ತಿ ಪೊಲೀಸರಿಗೆ ಫೋನ್ ಮಾಡುತ್ತಾನೆ. ತನ್ನ ಹುಟ್ಟಿನ ಕಾರಣಕ್ಕೋ ಒಲವಿನ ಕಾರಣಕ್ಕೋ ಮನೆಯವರ ಮುಂದೆ ತಲೆತಗ್ಗಿಸಬೇಕಾಗಿ ಬಂದ ಯಾರಿಗಾದರೂ ಆ ಹಜಾರ ಅಪರಿಚಿತವಲ್ಲ.

ಆಮೇಲೆ ಸಿಂಗರ್ ‘ಸೂಪರ್‌ಮ್ಯಾನ್’ ಚಿತ್ರಕ್ಕೆ ಹೋದರು. ಅವರ ಜಾಗಕ್ಕೆ ಬಂದ ಮ್ಯಾಥ್ಯೂ ವಾನ್ ಕೂಡ ಚಿತ್ರೀಕರಣಕ್ಕೆ ಮೊದಲೇ ಬಿಟ್ಟರು. ಫಾಕ್ಸ್ ಸ್ಟುಡಿಯೊ ಕಾಯಲಿಲ್ಲ. ಬ್ರೆಟ್ ರ್ಯಾಟ್ನರ್ ಕೈಗೆ ಕೊಟ್ಟು 2006ರಲ್ಲಿ ‘ದಿ ಲಾಸ್ಟ್ ಸ್ಟ್ಯಾಂಡ್’ ಮುಗಿಸಿತು. ಮ್ಯೂಟೆಂಟ್‌ತನಕ್ಕೆ ಔಷಧಿ ಸಿಕ್ಕರೆ ತೆಗೆದುಕೊಳ್ಳಬೇಕೇ? ಈ ಒಂದು ಪ್ರಶ್ನೆ ಇಡೀ ಚಿತ್ರಕ್ಕೆ ಸಾಕಾಗಿತ್ತು. ಅದನ್ನು ತನ್ನ ಶಕ್ತಿಯ ಮೇಲೆ ಹಿಡಿತ ಕಳೆದುಕೊಳ್ಳುವ ಜೀನ್ ಗ್ರೇಯ ಫೀನಿಕ್ಸ್ ಕಥೆಯ ಜೊತೆ ಒಂದೇ ಚಿತ್ರಕ್ಕೆ ತುರುಕಿ ಎರಡನ್ನೂ ಕೆಡಿಸಿದರು. ತಂಡದ ನಾಯಕ ಸೈಕ್ಲಾಪ್ಸ್ ಸಾಯುವುದನ್ನು ತೋರಿಸುವ ತಾಳ್ಮೆಯೂ ಇರಲಿಲ್ಲ. ಆ ಚಿತ್ರಕ್ಕೆ ಬರೆದವರಲ್ಲಿ ಒಬ್ಬರಾದ ಸೈಮನ್ ಕಿನ್‌ಬರ್ಗ್ 2019ರಲ್ಲಿ ‘ಡಾರ್ಕ್ ಫೀನಿಕ್ಸ್’ ಬರೆದು ನಿರ್ದೇಶಿಸಿ, ಅದೇ ಕಥೆಯನ್ನು ಮತ್ತೊಮ್ಮೆ ಕೈಚೆಲ್ಲಿದರು.

ನಡುವೆ ವಾನ್ ಮರಳಿ ಬಂದು ಮಾಡಿದ ‘ಫಸ್ಟ್ ಕ್ಲಾಸ್’ (2011) ಕಥೆಯನ್ನು 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿಗೆ ಒಯ್ದು ಸರಣಿಗೆ ಉಸಿರು ಕೊಟ್ಟಿತು. ಅಲ್ಲಿಂದ ಚಿತ್ರಕ್ಕೊಂದು ದಶಕ ದಾಟುವ ಚಾಳಿ ಶುರುವಾಯಿತು. ‘ಡಾರ್ಕ್ ಫೀನಿಕ್ಸ್’ ನಡೆಯುವುದು 1992ರಲ್ಲಿ. 1944ರಲ್ಲಿ ಹುಡುಗನಾಗಿದ್ದವನಿಗೆ ಆ ಹೊತ್ತಿಗೆ ಅರವತ್ತರ ಆಸುಪಾಸು. ಆದರೆ ಎರಿಕ್ ಪಾತ್ರ ಮಾಡಿದ ಮೈಕೆಲ್ ಫಾಸ್‌ಬೆಂಡರ್ ಮುಖದ ಮೇಲೆ ಕಾಲದ ಒಂದು ಗೆರೆಯೂ ಮೂಡಿಲ್ಲ. ಇದನ್ನು ಮೇಕಪ್ಪಿನ ಲೋಪವೆಂದು ತಳ್ಳಿಹಾಕಲಾರೆ. ಇತಿಹಾಸದ ಗಾಯದಿಂದ ಹುಟ್ಟಿದ ಪಾತ್ರಕ್ಕೆ ವಯಸ್ಸಾಗದಿದ್ದರೆ ಇತಿಹಾಸ ಬರೀ ಹಿನ್ನೆಲೆಯ ಪರದೆಯಾಗುತ್ತದೆ.

ನನ್ನನ್ನು ಹೆಚ್ಚು ನೋಯಿಸಿದ್ದು ‘ಅಪೊಕ್ಯಾಲಿಪ್ಸ್’ (2016). ಅದೂ ಸಿಂಗರ್ ಅವರದ್ದೇ. ಪೋಲೆಂಡಿನ ಉಕ್ಕಿನ ಕಾರ್ಖಾನೆಯಲ್ಲಿ ಹೆಸರು ಮರೆಸಿ ಬದುಕುತ್ತಿರುವ ಎರಿಕ್ ಕಾಡಿನಲ್ಲಿ ಹೆಂಡತಿ, ಮಗಳನ್ನು ಒಂದೇ ಬಾಣಕ್ಕೆ ಕಳೆದುಕೊಳ್ಳುತ್ತಾನೆ. ಆ ದೃಶ್ಯ ಚೆನ್ನಾಗಿದೆ. ಬಳಿಕ ಖಳನಾಯಕ ಅವನನ್ನು ಆಶ್ವಿಟ್ಜ್‌ಗೆ ಕರೆತಂದು ಶಕ್ತಿ ಹೆಚ್ಚಿಸುತ್ತಾನೆ. ಎರಿಕ್ ಕೈ ಎತ್ತಿದೊಡನೆ ಇಡೀ ಶಿಬಿರ ಗ್ರಾಫಿಕ್ಸ್ ಧೂಳಾಗಿ ಮೇಲೇಳುತ್ತದೆ. ಲಕ್ಷಾಂತರ ಜನ ಸತ್ತ ನೆಲವದು. ಅದನ್ನು ಪವರ್ ತೋರಿಸುವ ಮೈದಾನ ಮಾಡಿಕೊಂಡದ್ದು ಅಕ್ಷಮ್ಯ. ಹದಿನಾರು ವರ್ಷಗಳಲ್ಲಿ ಬಜೆಟ್ ದುಪ್ಪಟ್ಟು ದಾಟಿತ್ತು. ಆದರೂ ಬಾಗಿ ನಿಂತ ಆ ಒಂದು ಗೇಟಿನ ತೂಕ ಈ ವಿನಾಶಕ್ಕೆ ಬರಲಿಲ್ಲ.

ಮರುವರ್ಷ ಜೇಮ್ಸ್ ಮ್ಯಾನ್‌ಗೋಲ್ಡ್ ಅವರ ‘ಲೋಗನ್’ ಬಂತು. ಲೋಗನ್ ಎಂದರೆ ವೊಲ್ವರಿನ್ನೇ. ಅವನಿಗೆ ಮುಪ್ಪು, ಎಕ್ಸ್-ಮೆನ್ ತಂಡ ಕಟ್ಟಿದ ಪ್ರೊಫೆಸರ್‌ಗೆ ಮರೆವು. ಪೂರ್ತಿ ಹೊರಬಾರದ ಉಗುರನ್ನು ಬೆರಳಿನಿಂದಲೇ ಎಳೆಯಬೇಕು, ಜೊತೆಗೆ ಕೀವು. ಪ್ರತಿ ಸಲವೂ ನೋಯುತ್ತದೆ ಎಂದವನ ಮಾತಿಗೆ ಸರಣಿ ಕೊನೆಗೂ ಕಿವಿಗೊಟ್ಟಿತ್ತು. ಚಿತ್ರದ ಕೊನೆಗೆ ಅವನು ಸಾಯುತ್ತಾನೆ. ಚಿತ್ರಕಥೆ ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ಸೂತ್ರ ಹಳತಾಯಿತು, ಪ್ರೇಕ್ಷಕರು ಬೇಸತ್ತರು ಎಂಬ ನೆಪಗಳಿಗೆ ಈ ಚಿತ್ರದ ಮುಂದೆ ಬೆಲೆಯಿಲ್ಲ.

ಫಾಕ್ಸ್ 2019ರಲ್ಲಿ ಡಿಸ್ನಿ ಪಾಲಾಯಿತು. 2024ರ ‘ಡೆಡ್‌ಪೂಲ್ ಆ್ಯಂಡ್ ವೊಲ್ವರಿನ್’ ಡೆಡ್‌ಪೂಲ್ ಲೋಗನ್‌ನ ಗೋರಿ ಅಗೆದು, ಅವನ ಮೂಳೆಗಳನ್ನೇ ಆಯುಧ ಮಾಡಿಕೊಂಡು ಹಾಡಿನ ತಾಳಕ್ಕೆ ಹೊಡೆದಾಡುವುದರೊಂದಿಗೆ ಶುರುವಾಗುತ್ತದೆ. ಚಿತ್ರ ನೂರು ಕೋಟಿ ಡಾಲರ್ ದಾಟಿತು. ವೊಲ್ವರಿನ್ ಆಗಿ ಹ್ಯೂ ಜಾಕ್‌ಮನ್ ಮತ್ತೆ ಉಗುರು ಚಾಚಿದರು. ಇಡೀ ಸರಣಿಯಲ್ಲಿ ಗೌರವದಿಂದ ಚಿತ್ರಿತವಾದ ಸಾವು ಲೋಗನ್‌ನದೊಂದೇ ಇತ್ತು, ಅದನ್ನೂ ರದ್ದು ಮಾಡಿದರು.