ಒಂದು ಹೆಸರು, ಎರಡು ಮನೆತನ

ಓಟಗಾರರ ಗುಂಪಿನಲ್ಲಿ ಯಾರಾದರೂ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟಿದರೆ ‘ಹ್ಯಾಮ್‌ಸ್ಟ್ರಿಂಗ್ ಹೋಯ್ತು’ ಎಂಬ ತೀರ್ಪು ತಯಾರಿರುತ್ತದೆ. ಉಸೇನ್ ಬೋಲ್ಟ್ ಲಂಡನ್‌ನ 2017ರ ರಿಲೇ ಫೈನಲ್‌ನಲ್ಲಿ ಟ್ರ್ಯಾಕ್ ಮೇಲೆ ಉರುಳಿದ್ದೂ ಅದೇ ಜಾಗದ ನೋವಿನಿಂದ. ಅಲ್ಲಿರುವುದು ಮೂರು ಸ್ನಾಯುಗಳು. ವೇಗದ ಓಟದಲ್ಲಿ ಹೆಚ್ಚಾಗಿ ಕೈಕೊಡುವುದು ಹೊರಬದಿಯ ಬೈಸೆಪ್ಸ್ ಫಿಮೋರಿಸ್.

ಕುರ್ಚಿಯಲ್ಲಿ ಕುಳಿತು ಹಿಮ್ಮಡಿಯನ್ನು ನೆಲಕ್ಕೊತ್ತಿ ಹಿಂದಕ್ಕೆ ಎಳೆಯಿರಿ. ಮಂಡಿಯ ಹಿಂದೆ, ಹೊರಬದಿಯಲ್ಲಿ ಹುರಿಯಂತೆ ಬೆರಳಿಗೆ ಸಿಗುವುದು ಇದರದೇ ಸ್ನಾಯುರಜ್ಜು. ಮೇಲೆ ಹೋದಂತೆ ಎರಡು ಕವಲು: ಉದ್ದ ತಲೆ ನಾವು ಊರಿ ಕೂರುವ ಮೂಳೆಯಿಂದ ಹೊರಟರೆ, ಗಿಡ್ಡ ತಲೆ ತೊಡೆಮೂಳೆಯ ಹಿಂಬದಿಯಿಂದ.

ಸ್ವಾರಸ್ಯವಿರುವುದು ನರದಲ್ಲಿ. ಉದ್ದ ತಲೆಗೆ ಟಿಬಿಯಲ್ ನರ, ಗಿಡ್ಡದಕ್ಕೆ ಪೆರೋನಿಯಲ್ ನರ. ಸ್ನಾಯು ವಿಕಾಸದಲ್ಲಿ ಜಾಗ ಬದಲಿಸಿದರೂ ಸಾಮಾನ್ಯವಾಗಿ ತನ್ನ ಹಳೆಯ ನರವನ್ನು ಬಿಡುವುದಿಲ್ಲ. ಅಂದರೆ ಇವೆರಡರ ಮೂಲವೇ ಬೇರೆ. ಬಹುಪಾಲು ಸಸ್ತನಿಗಳಿಗೆ ಈ ಗಿಡ್ಡ ತಲೆ ಇಲ್ಲ. ಗಿಬ್ಬನ್, ಗೊರಿಲ್ಲಾ, ಚಿಂಪಾಂಜಿಗಳಿಗಿದೆ. ಬೆಕ್ಕಿನ ತೊಡೆಯಲ್ಲಿರುವ ಟೆನ್ಯುಯಿಸಿಮಸ್ ಎಂಬ ತೆಳು ಸ್ನಾಯುವೇ ಇದರ ದಾಯಾದಿ ಎಂದು ಕೆಲವು ಅಂಗರಚನಾ ತಜ್ಞರು ಎಣಿಸುತ್ತಾರೆ.

ಉದ್ದ ತಲೆಯ ಕಥೆ ಸೊಂಟದ್ದು. ಚಿಂಪಾಂಜಿಯ ಕೂರುವ ಮೂಳೆ ಉದ್ದ. ಮರ ಹತ್ತುವಾಗ ಮಡಚಿದ ತೊಡೆಯನ್ನು ಹಿಂದಕ್ಕೆ ಜಗ್ಗಲು ಅದು ಅನುಕೂಲ, ನೆಟ್ಟಗೆ ನಿಂತವರಿಗೆ ಅಷ್ಟಾಗಿ ಅಲ್ಲ. ಇಥಿಯೋಪಿಯಾದ 44 ಲಕ್ಷ ವರ್ಷ ಹಿಂದಿನ ಮಾನವ ಕುಲದ ಬಂಧು ಆರ್ಡಿಪಿಥೆಕಸ್‌ನ ಸೊಂಟದ ಮೇಲ್ಭಾಗ ನಡೆಯುವವರದು, ಕೆಳಭಾಗ ಇನ್ನೂ ಹತ್ತುವವರದು. ಅದೇ ದೇಶದ ಲೂಸಿ ಎಂಬ ಪಳೆಯುಳಿಕೆಯ ಹೊತ್ತಿಗೆ, ಅಂದರೆ ಸುಮಾರು 32 ಲಕ್ಷ ವರ್ಷಗಳ ಹಿಂದೆ, ಆ ಮೂಳೆ ಮೋಟಾಗಿತ್ತು.

ಓಡುವಾಗ ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಮುನ್ನ, ಉದ್ದ ತಲೆ ಸೊಂಟ ಮತ್ತು ಮಂಡಿ ಎರಡೂ ಕಡೆಯಿಂದ ಎಳೆತಕ್ಕೆ ಸಿಕ್ಕಿರುತ್ತದೆ. ಹಿಗ್ಗುತ್ತಲೇ ಬಿಗಿಹಿಡಿದು ಕಾಲಿಗೆ ಬ್ರೇಕ್ ಹಾಕಬೇಕು. ಹರಿಯುವುದು ಬಹಳ ಸಲ ಆಗಲೇ. ಗಿಡ್ಡ ತಲೆಗೆ ಸೊಂಟದ ಗೊಡವೆಯೇ ಇಲ್ಲ, ಅದರ ಕೆಲಸ ಮಂಡಿಯಲ್ಲಿ ಮಾತ್ರ.

ಹಾಗಾಗಿ ಬಗ್ಗಿ ಕಾಲ್ಬೆರಳು ಮುಟ್ಟಿ ‘ಸ್ಟ್ರೆಚ್ ಆಯ್ತು’ ಎನ್ನುವ ಶಾಸ್ತ್ರ ನನಗೆ ಒಪ್ಪಿಗೆಯಿಲ್ಲ. ಬೇಕಿರುವುದು ಹಿಗ್ಗುತ್ತಲೇ ಭಾರ ತಡೆಯುವ ಶಕ್ತಿ. ಗೆಳೆಯರಿಂದ ಹಿಮ್ಮಡಿ ಹಿಡಿಸಿಕೊಂಡು, ಮಂಡಿಯೂರಿ ನಿಧಾನಕ್ಕೆ ಮುಂದಕ್ಕೆ ಇಳಿಯುವ ನಾರ್ಡಿಕ್ ವ್ಯಾಯಾಮ ಮಂಡಿಯ ಕಡೆಯಿಂದ ದುಡಿಸುತ್ತದೆ. ಸೊಂಟದಿಂದ ಬಗ್ಗುವ ರೊಮೇನಿಯನ್ ಡೆಡ್‌ಲಿಫ್ಟ್ ಸೊಂಟದ ಕಡೆಯಿಂದ. ಎರಡನ್ನೂ ಮಾಡಿ, ಆದರೆ ನಾಲ್ಕೈದು ಸಲದಿಂದ ಶುರುಮಾಡಿ. ಮೊದಮೊದಲು ನೋವು ಜೋರಾಗಿಯೇ ಇರುತ್ತದೆ, ಮರುದಿನ ವೇಗದ ಓಟ ಇಟ್ಟುಕೊಳ್ಳಬೇಡಿ.