ಶಿವಪ್ಪನಾಯಕನನ್ನು ಮಾತಾಡಿಸುವ ಮುನ್ನ

ಶಿವಮೊಗ್ಗದ ದುರ್ಗಿಗುಡಿಯ ಯಾವ ಹೋಟೆಲಿನಲ್ಲಿ ಕೂತು ಶಿವಪ್ಪನಾಯಕ ಅರಮನೆಯ ಮಾತು ತೆಗೆದರೂ ಸಿಗುವ ಉತ್ತರ ಒಂದೇ: ‘ಅಲ್ಲೇನಿದೆ ಸಾರ್, ಬರೀ ಕಲ್ಲು. ಒಂದು ಲೇಸರ್ ಶೋ ಹಾಕಿ, ವಿಆರ್ ಕನ್ನಡಕ ತರಿಸಿ, ಆಮೇಲೆ ನೋಡಿ ಜನ ಹೆಂಗ್ ಬರ್ತಾರೆ.’ ಮೇಷ್ಟ್ರುಗಳೂ ಇದನ್ನೇ ಹೇಳುತ್ತಾರೆ, ಪ್ರವಾಸೋದ್ಯಮದ ಭಾಷಣಕಾರರೂ ಇದನ್ನೇ. ಪರದೆ ಇಲ್ಲದಿದ್ದರೆ ಈ ಕಾಲದ ಮಕ್ಕಳಿಗೆ ಇತಿಹಾಸ ತಲೆಗೆ ಹತ್ತುವುದಿಲ್ಲ ಎಂಬುದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ನನಗೆ ಒಪ್ಪಿಗೆಯಿಲ್ಲ.

ಆ ಕಟ್ಟಡವನ್ನೇ ತಗೊಳ್ಳಿ. ಹೆಸರು ಶಿವಪ್ಪನಾಯಕನದು. ಕೆಳದಿಯ ಆ ಅರಸ ಆಳಿದ್ದು 1645ರಿಂದ 1660ರವರೆಗೆ. ತುಂಗೆಯ ದಡದ ಬೀಟೆ ಕಂಬಗಳ ಈ ಮನೆ ಮಾತ್ರ ಅವನ ಕಾಲದ್ದಲ್ಲ, ಹದಿನೆಂಟನೇ ಶತಮಾನದಲ್ಲಿ ಹೈದರಾಲಿ ಕಟ್ಟಿಸಿದ್ದು ಎನ್ನುತ್ತಾರೆ. ಗೋಡೆಯ ಫಲಕವೊಂದರಲ್ಲಿ ‘ಎನ್ನಲಾಗಿದೆ’ ಎಂದು ಬರೆದು ಓದುಗರನ್ನು ಎಚ್ಚರಿಸಬಹುದು. ಬೆಳಕಿನ ಆಟಕ್ಕೆ ಆ ಸೌಕರ್ಯವಿಲ್ಲ. ದರ್ಬಾರಿನ ಕಂಬಗಳ ನಡುವೆ ಶಿವಪ್ಪನಾಯಕನನ್ನು ಬೆಳಕಿನಲ್ಲೇ ಮೂಡಿಸಿ, ಗಡಸು ದನಿಯಲ್ಲಿ ಮಾತಾಡಿಸಿಬಿಟ್ಟ ಮೇಲೆ, ‘ಅವನು ಇಲ್ಲಿ ಕೂತಿರಲಿಕ್ಕಿಲ್ಲ ಮಗಾ’ ಎಂದರೆ ಯಾವ ಮಗು ನಂಬೀತು?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ‘ಮ್ಯಾಪ್’ ಸಂಗ್ರಹಾಲಯದವರು ಎಂ.ಎಫ್. ಹುಸೇನರ ಡಿಜಿಟಲ್ ರೂಪವೊಂದನ್ನು ಮಾಡಿದ್ದಾರೆ. ಪ್ರಶ್ನೆ ಕೇಳಿದರೆ ಅದು ಉತ್ತರ ಕೊಡುತ್ತದೆ. ಹುಸೇನ್ ತೀರಿಕೊಂಡದ್ದು 2011ರಲ್ಲಿ. ಅವರ ದನಿ, ಸಂದರ್ಶನ, ನಡೆನುಡಿ ಎಲ್ಲವೂ ದಾಖಲಾಗಿವೆ. ಅಷ್ಟಿದ್ದೂ ನನಗೆ ಅಲ್ಲಿ ಸ್ವಲ್ಪ ಮುಜುಗರವೇ. ಇನ್ನು ದನಿಯ ಗುರುತೂ ಉಳಿಯದ ಹದಿನೇಳನೇ ಶತಮಾನದ ಅರಸನ ಬಾಯಿಗೆ ಮಾತು ತುರುಕುವವರು ಯಾರು? ಟೆಂಡರ್ ಹಿಡಿದ ಕಂಪನಿಯ ಸಂಭಾಷಣೆಕಾರ.

ಅವನು ಏನು ಬರೆದಾನು ಎಂಬುದೂ ಗೊತ್ತಿರುವುದೇ. ಕುದುರೆ, ಕತ್ತಿ, ಬಿದನೂರಿನ ಕೋಟೆ. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ರಾಣಿ ಚೆನ್ನಮ್ಮ. ತಪ್ಪೇನಿಲ್ಲ. ಆದರೆ ಮಲೆನಾಡಿನ ರೈತರ ಬಾಯಲ್ಲಿ ಶಿವಪ್ಪನಾಯಕ ಉಳಿದಿರುವುದು ‘ಶಿಸ್ತಿ’ನಿಂದ. ಮಣ್ಣಿನ ಗುಣ, ನೀರಿನ ಅನುಕೂಲ ನೋಡಿ ಜಮೀನನ್ನು ದರ್ಜೆಗಳಾಗಿ ವಿಂಗಡಿಸಿ ಕಂದಾಯ ಗೊತ್ತುಮಾಡಿದ ವ್ಯವಸ್ಥೆ ಅದು. ಕಂದಾಯದ ಲೆಕ್ಕಕ್ಕೆ ಲೇಸರ್ ಹೊಡೆಯುವವರು ಯಾರಿದ್ದಾರೆ!

ಶೋ ಮಾಡಿದರೆ ಜನ ಬರುತ್ತಾರೆ, ನಿಜ. ಸಂಜೆ ಬರುತ್ತಾರೆ, ಕಲ್ಲುಗಳಿಗೆ ಬೆನ್ನು ಹಾಕಿ ಕೂರುತ್ತಾರೆ, ಐಸ್‌ಕ್ರೀಮ್ ತಿಂದು ಹೋಗುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಯಂತ್ರ ಕೆಟ್ಟು ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಬೀಳುವುದನ್ನು ನಾವು ಕಾಣದವರೇ?

‘ಬರೀ ಕಲ್ಲು’ ಎನ್ನುವುದರ ಕಡೆ ಬರೋಣ. ಅರಮನೆಯ ಅಂಗಳದಲ್ಲಿ ವೀರಗಲ್ಲುಗಳಿವೆ, ಮಾಸ್ತಿಗಲ್ಲುಗಳಿವೆ, ಶಾಸನಗಳಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾದಾಟ: ಬಿಲ್ಲು, ಗುರಾಣಿ, ಕೆಲವು ಕಲ್ಲುಗಳಲ್ಲಿ ತುರುಗಳ್ಳರು ಅಟ್ಟಿಕೊಂಡು ಹೋಗುತ್ತಿರುವ ದನಗಳು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ. ಊರಿನ ದನ ಬಿಡಿಸಲು ಹೋಗಿ ಸತ್ತವನ ಇಡೀ ಕತೆ ಮೂರು ಚೌಕಟ್ಟಿನಲ್ಲಿ ಮುಗಿಯುತ್ತದೆ. ಇದನ್ನು ಹೇಳಿಕೊಡದೆ, ಪಕ್ಕದಲ್ಲಿ ‘ವೀರಗಲ್ಲು, 12ನೇ ಶತಮಾನ’ ಎಂದಷ್ಟೇ ಬರೆದಿಟ್ಟು, ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ದೂರುವುದು ನಮ್ಮ ಸಂಗ್ರಹಾಲಯಗಳ ಹಳೇ ಚಾಳಿ. ಪಟ್ಟಿಗಳ ನಡುವಿನ ಸವೆದ ಬರಹ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೆರೆಗಳಲ್ಲಿ ನೆರಳು ನಿಂತು ‘ಸ್ವಸ್ತಿ’ ಎಂಬ ಪದ ಎದ್ದು ಬರುತ್ತದೆ.

ಹಾಗಾಗಿ ನನ್ನ ತಕರಾರು ತಂತ್ರಜ್ಞಾನದ ಮೇಲಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಮಾಡುತ್ತಿರುವುದು ಹೆಚ್ಚುಕಡಿಮೆ ಈ ಓರೆ ಬೆಳಕಿನ ಕೆಲಸವನ್ನೇ. ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಅವರು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರಗಳೂ ಆ ಪ್ರತಿಯಲ್ಲಿ ಓದಲು ಸಿಗುತ್ತವೆ. ರಸ್ತೆ ಅಗಲೀಕರಣಕ್ಕೆ ನಾಳೆ ಕಲ್ಲೇ ಹೋದರೂ ಪಾಠ ಉಳಿಯುತ್ತದೆ. ಇಲ್ಲಿ ಯಂತ್ರ ಕಲ್ಲಿನ ಮಾತನ್ನು ಕೇಳಿಸಿಕೊಳ್ಳುತ್ತಿದೆ, ತನ್ನ ಮಾತನ್ನು ಸೇರಿಸುತ್ತಿಲ್ಲ.

ಶಿವಮೊಗ್ಗಕ್ಕೆ ಬೇಕಾದದ್ದು ಇದು. ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳು, ಎಂಟನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲೇ ಅಚ್ಚು ಹಾಕಿಸಿದ್ದಾರೆ, ತಾಳಗುಂದದ ಸ್ತಂಭಶಾಸನವೂ ಅದರಲ್ಲಿದೆ. ಅರಮನೆಯ ಅಂಗಳದ ಒಂದೊಂದು ಕಲ್ಲಿನ ಪಕ್ಕದಲ್ಲೂ ಒಂದು ಕ್ಯೂಆರ್ ಕೋಡ್ ಅಂಟಿಸಿ. ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಕಲ್ಲಿನ ಬರಹ ಮೊದಲು ಹಳಗನ್ನಡದಲ್ಲಿ, ಆಮೇಲೆ ಇವತ್ತಿನ ಕನ್ನಡದಲ್ಲಿ ಕೇಳಿಸಲಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಹೇಳಲಿ. ಜೊತೆಗೆ ಶಾಸನ ಓದಬಲ್ಲ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಲಿ. ಲೇಸರಿನ ಮಾತು ಅದಾದ ಮೇಲೆ ಆಡೋಣ.